ವರ್ಚುವಲ್ ಗಣಕಯಂತ್ರಗಳ ನಿರ್ವಹಣಾ ತಂತ್ರಾಂಶದಲ್ಲಿ ಅಧಿಕಾರ ಏರಿಕೆಯ ದೋಷ ಮತ್ತು ಅದರ ದುರಸ್ತಿ: ಕಲಘಟಗಿ ತಾಲ್ಲೂಕಿನ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕಲಘಟಗಿ ತಾಲ್ಲೂಕಿನ ನಾಗರಿಕರು ಪಹಣಿ ಪತ್ರಿಕೆ, ಹಕ್ಕು ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ ಮುಂತಾದ ಸೇವೆಗಳನ್ನು ತಹಶೀಲ್ದಾರರ ಕಚೇರಿಯ ಭೂಮಿ ಕೇಂದ್ರ, ನಾಡಕಚೇರಿ ಹಾಗೂ ಗ್ರಾಮ ಒನ್ ಕೇಂದ್ರಗಳ ಮೂಲಕ ಪಡೆಯುತ್ತಾರೆ. ಕೆಲವು ವೇಳೆ "ತಾಂತ್ರಿಕ ನಿರ್ವಹಣೆಯ ನಿಮಿತ್ತ ಸೇವೆ ಲಭ್ಯವಿರುವುದಿಲ್ಲ" ಎಂಬ ಸೂಚನೆ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಜನಸಾಮಾನ್ಯರು ಇದನ್ನು "ಸರ್ವರ್ ಡೌನ್" ಎಂದು ಕರೆಯುವುದು ವಾಡಿಕೆ. ಇಂತಹ ಪ್ರತಿಯೊಂದು ನಿಲುಗಡೆಯೂ ಯಂತ್ರ ಕೆಟ್ಟಿರುವುದರಿಂದ ಆದುದಲ್ಲ. ಕೆಲವು ನಿಲುಗಡೆಗಳು ನಾಗರಿಕರ ದಾಖಲೆಯನ್ನು ತಿದ್ದಲು ಅಧಿಕಾರವಿಲ್ಲದವರು ತಿದ್ದದಂತೆ ತಡೆಯುವ ಸಲುವಾಗಿಯೇ ಕೈಗೊಳ್ಳುವಂತಹವು. ಸದರಿ ಲೇಖನದಲ್ಲಿ ಅಂತಹ ಒಂದು ದುರಸ್ತಿಯ ಸ್ವರೂಪ, ಅದರ ಅವಶ್ಯಕತೆ ಮತ್ತು ಆ ಸಮಯದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳನ್ನು ವಿವರಿಸಲಾಗಿದೆ.

2. ದಾಖಲೆಗಳು ಇರುವ ಸ್ಥಳ

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣವು ಭೂಮಿ ಯೋಜನೆಯ ಮೂಲಕ ನೆರವೇರಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಪಹಣಿಯನ್ನು ಧಾರವಾಡ ಜಿಲ್ಲೆಯಲ್ಲಿ ಉತಾರ ಎಂದು ಕರೆಯುವ ರೂಢಿ ಇಂದಿಗೂ ಇದೆ.

ಆರಂಭದಲ್ಲಿ ಪ್ರತಿ ತಾಲ್ಲೂಕಿನ ದತ್ತಾಂಶವು ಆಯಾ ತಹಶೀಲ್ದಾರರ ಕಚೇರಿಯಲ್ಲಿದ್ದ ಸರ್ವರ್‌ನಲ್ಲಿಯೇ ಇರುತ್ತಿತ್ತು. ದಾಖಲೆಯನ್ನು ತೆರೆಯುವ ಸಿಬ್ಬಂದಿಯು ಕೇವಲ ಪಾಸ್‌ವರ್ಡ್ ನೀಡಿದರೆ ಸಾಲುತ್ತಿರಲಿಲ್ಲ. ಬೆರಳಚ್ಚಿನ ಮೂಲಕ ತನ್ನ ಗುರುತನ್ನು ದೃಢಪಡಿಸಬೇಕಾಗಿತ್ತು. ಯಾವ ನಮೂದನ್ನು ಯಾರು ಮಾಡಿದರು ಎಂಬುದನ್ನು ನಂತರ ನಿರಾಕರಿಸಲು ಅವಕಾಶವಿರಬಾರದು ಎಂಬುದೇ ಈ ವ್ಯವಸ್ಥೆಯ ಉದ್ದೇಶವಾಗಿತ್ತು.

ಕಾಲಕ್ರಮೇಣ ಸರ್ಕಾರಿ ಸೇವೆಗಳ ದತ್ತಾಂಶವು ತಾಲ್ಲೂಕು ಕಚೇರಿಗಳಿಂದ ಕೇಂದ್ರೀಕೃತ ದತ್ತಾಂಶ ಕೇಂದ್ರಗಳಿಗೆ ವರ್ಗಾವಣೆಯಾಯಿತು. ರಾಜ್ಯಗಳಲ್ಲಿ ದತ್ತಾಂಶ ಕೇಂದ್ರಗಳನ್ನು ಸ್ಥಾಪಿಸುವ ಯೋಜನೆಗೆ ಭಾರತ ಸರ್ಕಾರವು 2008ರ ಜನವರಿಯಲ್ಲಿ ಅನುಮೋದನೆ ನೀಡಿತು. 2014ರಲ್ಲಿ ಮೇಘರಾಜ್ ಎಂಬ ರಾಷ್ಟ್ರೀಯ ಕ್ಲೌಡ್ ಸೇವೆ ಆರಂಭವಾಯಿತು. ಕರ್ನಾಟಕ ರಾಜ್ಯ ದತ್ತಾಂಶ ಕೇಂದ್ರವು ಬೆಂಗಳೂರಿನಲ್ಲಿದೆ. ಇದರಿಂದಾಗಿ ಕಲಘಟಗಿಯಲ್ಲಿ ಉತಾರ ಕೋರಿದ ರೈತರಿಗೆ ಉತ್ತರ ದೊರೆಯುವುದು ಅಲ್ಲಿಯ ಕಚೇರಿಯ ಪೆಟ್ಟಿಗೆಯಿಂದಲ್ಲ. ದೂರದ ದತ್ತಾಂಶ ಕೇಂದ್ರದಿಂದ.

3. ವರ್ಚುವಲ್ ಗಣಕಯಂತ್ರ ಎಂದರೇನು?

ದತ್ತಾಂಶ ಕೇಂದ್ರದಲ್ಲಿ ಪ್ರತಿ ಸೇವೆಗೂ ಒಂದೊಂದು ಪ್ರತ್ಯೇಕ ಯಂತ್ರವನ್ನು ಇರಿಸಿದರೆ ಸ್ಥಳ, ವಿದ್ಯುತ್ ಮತ್ತು ವೆಚ್ಚ ಅಧಿಕವಾಗುತ್ತದೆ. ಆದುದರಿಂದ ಒಂದು ದೊಡ್ಡ ಸರ್ವರ್‌ನ ಶಕ್ತಿಯನ್ನು ತಂತ್ರಾಂಶದ ಮೂಲಕ ಹಲವು ಭಾಗಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಭಾಗವೂ ಸ್ವತಂತ್ರ ಗಣಕಯಂತ್ರದಂತೆಯೇ ಕೆಲಸ ಮಾಡುತ್ತದೆ. ಇದನ್ನೇ ವರ್ಚುವಲ್ ಗಣಕಯಂತ್ರ ಎನ್ನಲಾಗುತ್ತದೆ. ಈ ವಿಂಗಡಣೆಯನ್ನು ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

ಹತ್ತಾರು ಹೈಪರ್‌ವೈಸರ್‌ಗಳನ್ನೂ ನೂರಾರು ವರ್ಚುವಲ್ ಯಂತ್ರಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಲು ನಿರ್ವಹಣಾ ತಂತ್ರಾಂಶವಿರುತ್ತದೆ. ವಿಎಂವೇರ್ ಸಂಸ್ಥೆಯ ವಿಸೆಂಟರ್ ಇದಕ್ಕೆ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಒಂದು ಉದಾಹರಣೆ. ಅದೇ ಸಂಸ್ಥೆಯ ಹೈಪರ್‌ವೈಸರ್‌ಗೆ ಇಎಸ್‌ಎಕ್ಸ್‌ಐ ಎಂದು ಹೆಸರು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ವಿಎಂವೇರ್ ಅನ್ನು ಖರೀದಿಸಿತು. ಯಾವ ಸರ್ಕಾರಿ ಸೇವೆಗೆ ಯಾವ ತಂತ್ರಾಂಶ ಮತ್ತು ಯಾವ ಆವೃತ್ತಿ ಬಳಕೆಯಲ್ಲಿದೆ ಎಂಬ ವಿವರವನ್ನು ಸಾರ್ವಜನಿಕ ಪುಟಗಳಲ್ಲಿ ಪ್ರಕಟಿಸುವುದು ಭದ್ರತೆಯ ದೃಷ್ಟಿಯಿಂದ ಸೂಕ್ತವಲ್ಲ. ಆದ್ದರಿಂದ ಈ ಲೇಖನದಲ್ಲಿ ಬಹಿರಂಗವಾಗಿ ವರದಿಯಾಗಿರುವ ಪ್ರಕರಣಗಳನ್ನು ಮಾತ್ರ ಉದಾಹರಣೆಯಾಗಿ ನೀಡಲಾಗಿದೆ.

ನಿರ್ವಹಣಾ ತಂತ್ರಾಂಶವು ವರ್ಚುವಲ್ ಯಂತ್ರಗಳಿಗಿಂತ ಮೇಲಿನ ಸ್ಥಾನದಲ್ಲಿರುತ್ತದೆ. ಅದರ ಪೂರ್ಣ ಅಧಿಕಾರ ಪಡೆದವರು ಯಾವುದೇ ವರ್ಚುವಲ್ ಯಂತ್ರವನ್ನು ನಿಲ್ಲಿಸಬಹುದು, ಅಳಿಸಬಹುದು ಅಥವಾ ಅದರ ಇಡೀ ಡಿಸ್ಕ್ ಅನ್ನು ನಕಲು ಮಾಡಿಕೊಳ್ಳಬಹುದು. ಒಳಗಿರುವ ದತ್ತಾಂಶ ವ್ಯವಸ್ಥೆಗೆ ಪ್ರವೇಶಿಸದೆಯೇ ಹೊರಗಿನಿಂದ ಈ ನಕಲು ನಡೆಯುವುದರಿಂದ, ಒಳಗಿನ ತಂತ್ರಾಂಶದ ದಿನಚರಿಯಲ್ಲಿ ಅದರ ಗುರುತು ಉಳಿಯದೇ ಇರಬಹುದು.

4. ಅಧಿಕಾರ ಏರಿಕೆಯ ದೋಷ ಎಂದರೇನು?

ಹಕ್ಕು ಬದಲಾವಣೆಯ ಪ್ರಕ್ರಿಯೆಯನ್ನು ತಿಳಿದವರಿಗೆ ಈ ದೋಷವನ್ನು ಅರಿಯುವುದು ಸುಲಭ. ಕಲಘಟಗಿ ತಾಲ್ಲೂಕಿನ ರೈತರೊಬ್ಬರು ತಂದೆಯ ಮರಣಾನಂತರ ವಾರಸಾ ಮಾಡಿಸಲು ಅರ್ಜಿ ಸಲ್ಲಿಸಿದ್ದಾರೆ ಎಂದು ಭಾವಿಸೋಣ. ಅರ್ಜಿಯನ್ನು ಸ್ವೀಕರಿಸುವವರು ಒಬ್ಬರು. ಹಿಂದೆ ತಲಾಟಿ ಹಾಗೂ ಗ್ರಾಮ ಲೆಕ್ಕಾಧಿಕಾರಿ ಎಂದು ಕರೆಯಲ್ಪಡುತ್ತಿದ್ದ ಗ್ರಾಮ ಆಡಳಿತ ಅಧಿಕಾರಿಗೆ ಒಂದು ಕೆಲಸ, ಕಂದಾಯ ನಿರೀಕ್ಷಕರಿಗೆ ಮತ್ತೊಂದು ಕೆಲಸ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 129ರಂತೆ ಹಿತಾಸಕ್ತರಿಗೆ ನೋಟಿಸ್ ನೀಡಿ, ತಕರಾರು ಬಂದಲ್ಲಿ ವಿಚಾರಣೆ ನಡೆಸಿದ ನಂತರವೇ ನಮೂದು ಪ್ರಮಾಣೀಕೃತವಾಗುತ್ತದೆ. ಪ್ರತಿಯೊಬ್ಬರ ಅಧಿಕಾರಕ್ಕೂ ಮಿತಿಯಿದೆ. ಆ ಮಿತಿಯೇ ರೈತರಿಗೆ ರಕ್ಷಣೆ.

ಗಣಕಯಂತ್ರದಲ್ಲಿಯೂ ಇದೇ ರೀತಿ ಮಟ್ಟಗಳಿರುತ್ತವೆ. ಕೆಲವರು ನೋಡಬಹುದು, ಕೆಲವರು ನಮೂದಿಸಬಹುದು, ಬಹಳ ಕಡಿಮೆ ಜನರು ವ್ಯವಸ್ಥೆಯನ್ನೇ ಬದಲಾಯಿಸಬಹುದು. ಈ ಕಡೆಯ ಮಟ್ಟವನ್ನು ರೂಟ್ ಅಥವಾ ನಿರ್ವಾಹಕ ಅಧಿಕಾರ ಎನ್ನುತ್ತಾರೆ. ತಂತ್ರಾಂಶದಲ್ಲಿನ ತಪ್ಪಿನಿಂದಾಗಿ ಕೆಳಗಿನ ಮಟ್ಟದ ಬಳಕೆದಾರನು ತನಗೆ ನೀಡದ ಮೇಲಿನ ಅಧಿಕಾರವನ್ನು ತಾನಾಗಿಯೇ ಪಡೆದುಕೊಳ್ಳಲು ಸಾಧ್ಯವಾದರೆ ಅದು ಪ್ರಿವಿಲೇಜ್ ಎಸ್ಕಲೇಷನ್, ಅಂದರೆ ಅಧಿಕಾರ ಏರಿಕೆಯ ದೋಷ. ಅರ್ಜಿ ಸ್ವೀಕರಿಸುವ ಮೇಜಿನಲ್ಲಿ ಕುಳಿತವರ ಕೈಗೆ ತಹಶೀಲ್ದಾರರ ಮೊಹರು ದೊರೆತಂತೆ ಇದರ ಪರಿಣಾಮ.

5. ವರದಿಯಾಗಿರುವ ಪ್ರಮುಖ ಪ್ರಕರಣಗಳು

(ಅ) ಸಿವಿಇ-2024-37081: ವಿಸೆಂಟರ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಆಯ್ದ ಕೆಲವು ಆದೇಶಗಳನ್ನು ಮಾತ್ರ ಉನ್ನತ ಅಧಿಕಾರದಲ್ಲಿ ಚಲಾಯಿಸಲು ಅನುಮತಿ ನೀಡುವ ಸುಡೊ ಎಂಬ ವ್ಯವಸ್ಥೆಯನ್ನು ತಪ್ಪಾಗಿ ಹೊಂದಿಸಲಾಗಿತ್ತು. ಇದರಿಂದ ನಿರ್ವಾಹಕನಲ್ಲದ ಬಳಕೆದಾರನು ರೂಟ್ ಅಧಿಕಾರ ಪಡೆಯಬಹುದಾಗಿತ್ತು. 2024ರ ಜೂನ್‌ನಲ್ಲಿ ಪ್ಯಾಚ್ ಬಿಡುಗಡೆಯಾಯಿತು.

(ಆ) ಸಿವಿಇ-2024-37085: ಇಎಸ್‌ಎಕ್ಸ್‌ಐ ಯಂತ್ರವನ್ನು ಸಂಸ್ಥೆಯೊಂದರ ಬಳಕೆದಾರರ ಕೇಂದ್ರ ಪಟ್ಟಿಯಾದ ಆಕ್ಟಿವ್ ಡೈರೆಕ್ಟರಿಗೆ ಜೋಡಿಸಿದಾಗ, "ಇಎಸ್‌ಎಕ್ಸ್ ಅಡ್ಮಿನ್ಸ್" ಎಂಬ ಹೆಸರಿನ ಗುಂಪಿನ ಸದಸ್ಯರೆಲ್ಲರಿಗೂ ಪೂರ್ಣ ನಿರ್ವಾಹಕ ಅಧಿಕಾರ ತಾನಾಗಿಯೇ ದೊರೆಯುತ್ತಿತ್ತು. ಆ ಗುಂಪನ್ನು ಯಾರು ರಚಿಸಿದರು ಎಂಬುದನ್ನು ಯಂತ್ರವು ಪರಿಶೀಲಿಸುತ್ತಿರಲಿಲ್ಲ. ಪಟ್ಟಿಯಲ್ಲಿ ಗುಂಪು ರಚಿಸುವ ಅಧಿಕಾರವನ್ನು ಹೇಗಾದರೂ ಸಂಪಾದಿಸಿದ ದುಷ್ಕರ್ಮಿಯು ಅದೇ ಹೆಸರಿನ ಗುಂಪನ್ನು ರಚಿಸಿ ತನ್ನನ್ನು ಸೇರಿಸಿಕೊಂಡರೆ ಸಾಕಾಗಿತ್ತು. ಒತ್ತೆಹಣ ಸುಲಿಯುವ ರಾನ್ಸಮ್‌ವೇರ್ ಗುಂಪುಗಳು ಇದನ್ನು ಬಳಸುತ್ತಿರುವುದನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2024ರ ಜುಲೈ 29ರಂದು ಬಹಿರಂಗಪಡಿಸಿತು. 8.0 ಆವೃತ್ತಿಗೆ ಪ್ಯಾಚ್ ದೊರೆಯಿತು. ಹಳೆಯ 7.0 ಆವೃತ್ತಿಗೆ ಪ್ಯಾಚ್ ನೀಡುವ ಯೋಜನೆ ಇಲ್ಲವೆಂದು ತಿಳಿಸಿ, ಸಂರಚನೆಯನ್ನು ಬದಲಾಯಿಸುವ ಪರ್ಯಾಯ ಕ್ರಮವನ್ನು ಸೂಚಿಸಲಾಯಿತು.

(ಇ) ಸಿವಿಇ-2024-38813: ವಿಸೆಂಟರ್‌ಗೆ ಜಾಲದ ಮೂಲಕ ವಿಶೇಷವಾಗಿ ರಚಿಸಿದ ಸಂದೇಶವನ್ನು ಕಳುಹಿಸಿ ರೂಟ್ ಅಧಿಕಾರ ಪಡೆಯಬಹುದಾದ ದೋಷವಿದು. 2024ರ ಸೆಪ್ಟೆಂಬರ್ 17ರಂದು ಇದಕ್ಕೂ, ಇದರ ಜೊತೆಯಲ್ಲಿ ಪತ್ತೆಯಾದ ಹೆಚ್ಚು ತೀವ್ರವಾದ ಸಿವಿಇ-2024-38812 ಎಂಬ ದೋಷಕ್ಕೂ ಪ್ಯಾಚ್ ಪ್ರಕಟವಾಯಿತು. ಎರಡನೆಯ ದೋಷವು ಆ ಪ್ಯಾಚ್‌ನಿಂದ ಪೂರ್ಣವಾಗಿ ನಿವಾರಣೆಯಾಗಿಲ್ಲವೆಂದು ತಿಳಿದುಬಂದುದರಿಂದ ಅಕ್ಟೋಬರ್ 21ರಂದು ಹೊಸ ಪ್ಯಾಚ್ ನೀಡಲಾಯಿತು. ಎರಡೂ ದೋಷಗಳು ದುರುಪಯೋಗವಾಗುತ್ತಿವೆ ಎಂಬುದನ್ನು ನವೆಂಬರ್ 18ರಂದು ಸಂಸ್ಥೆಯೇ ದೃಢಪಡಿಸಿತು.

(ಈ) ಸಿವಿಇ-2025-41244: ವರ್ಚುವಲ್ ಯಂತ್ರದೊಳಗೆ ಯಾವ ಸೇವೆಗಳು ನಡೆಯುತ್ತಿವೆ ಎಂದು ಪಟ್ಟಿ ಮಾಡುವ ಭಾಗದಲ್ಲಿ ಈ ದೋಷವಿತ್ತು. ಚಾಲನೆಯಲ್ಲಿರುವ ಕಾರ್ಯಕ್ರಮದ ಹೆಸರು ಪರಿಚಿತವಾಗಿ ಕಂಡರೆ, ಅದರ ಆವೃತ್ತಿಯನ್ನು ತಿಳಿಯುವ ಸಲುವಾಗಿ ಅದನ್ನು ಉನ್ನತ ಅಧಿಕಾರದಲ್ಲಿ ಮತ್ತೊಮ್ಮೆ ಚಲಾಯಿಸಲಾಗುತ್ತಿತ್ತು. ಯಾರು ಬೇಕಾದರೂ ಬರೆಯಬಹುದಾದ ತಾತ್ಕಾಲಿಕ ಜಾಗದಲ್ಲಿ ಅಂತಹ ಹೆಸರಿನ ನಕಲಿ ಕಾರ್ಯಕ್ರಮವನ್ನು ಇರಿಸಿ ಚಾಲನೆಗೊಳಿಸಿದ ಸಾಮಾನ್ಯ ಬಳಕೆದಾರನಿಗೂ ರೂಟ್ ಅಧಿಕಾರ ದೊರೆಯುತ್ತಿತ್ತು. ಪ್ಯಾಚ್ ಪ್ರಕಟವಾದುದು 2025ರ ಸೆಪ್ಟೆಂಬರ್ 29ರಂದು. ಆದರೆ 2024ರ ಅಕ್ಟೋಬರ್ ಮಧ್ಯಭಾಗದಿಂದಲೇ ಇದರ ದುರುಪಯೋಗ ನಡೆದಿತ್ತೆಂದು ದೋಷವನ್ನು ಪತ್ತೆಮಾಡಿದ ಎನ್‌ವಿಸೊ ಸಂಸ್ಥೆಯು ತಿಳಿಸಿತು.

ಮೇಲ್ಕಂಡ (ಆ) ಮತ್ತು (ಈ) ಪ್ರಕರಣಗಳಲ್ಲಿ ಒಂದು ಸಾಮ್ಯವಿರುವುದನ್ನು ಗಮನಿಸಬಹುದು. ಎರಡರಲ್ಲಿಯೂ ತಂತ್ರಾಂಶವು ಹೆಸರನ್ನು ನೋಡಿ ನಂಬಿತು. ಆ ಹೆಸರನ್ನು ಧರಿಸುವ ಅಧಿಕಾರ ಇದೆಯೇ ಎಂದು ವಿಚಾರಿಸಲಿಲ್ಲ. ಬಾಗಿಲಿಗೆ ಫಲಕ ತೂಗುಹಾಕಿದ ಮಾತ್ರಕ್ಕೆ ಒಬ್ಬರು ಅಧಿಕಾರಿಯಾಗುವುದಿಲ್ಲ ಎಂಬುದು ಕಚೇರಿಯ ವ್ಯವಹಾರದಲ್ಲಿ ಎಲ್ಲರಿಗೂ ತಿಳಿದ ವಿಷಯ. ಅದೇ ತಪಾಸಣೆಯನ್ನು ತಂತ್ರಾಂಶಕ್ಕೆ ಸೇರಿಸುವುದೇ ಇಂತಹ ಪ್ಯಾಚ್‌ನ ಕೆಲಸ.

6. ದುರಸ್ತಿ ನಡೆಯುವ ಕ್ರಮ

ಪ್ಯಾಚ್ ಎಂದರೆ ತಂತ್ರಾಂಶದ ದೋಷಪೂರಿತ ಭಾಗವನ್ನು ಬದಲಿಸುವ ತಿದ್ದುಪಡಿ. ಸಾಮಾನ್ಯವಾಗಿ ಈ ಕೆಳಕಂಡ ಹಂತಗಳನ್ನು ಅನುಸರಿಸಲಾಗುತ್ತದೆ.

1. ತಂತ್ರಾಂಶ ತಯಾರಕರ ಪ್ರಕಟಣೆ ಹಾಗೂ ಭಾರತೀಯ ಗಣಕಯಂತ್ರ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ ಹೊರಡಿಸುವ ಎಚ್ಚರಿಕೆಯನ್ನು ಪರಿಶೀಲಿಸಿ, ಯಾವ ಯಂತ್ರಗಳಿಗೆ ದೋಷ ಅನ್ವಯಿಸುತ್ತದೆ ಎಂದು ಪಟ್ಟಿ ಮಾಡುವುದು. ಸರ್ಟ್-ಇನ್ 2004ರ ಜನವರಿಯಿಂದ ಕಾರ್ಯನಿರ್ವಹಿಸುತ್ತಿದೆ.

2. ದತ್ತಾಂಶದ ಹಾಗೂ ನಿರ್ವಹಣಾ ತಂತ್ರಾಂಶದ ಪ್ರತಿಯನ್ನು ಪ್ರತ್ಯೇಕ ಸ್ಥಳದಲ್ಲಿ ಕಾಯ್ದಿರಿಸುವುದು ಮತ್ತು ಆ ಪ್ರತಿಯಿಂದ ದಾಖಲೆ ಮರಳಿ ದೊರೆಯುವುದೆಂದು ಖಚಿತಪಡಿಸಿಕೊಳ್ಳುವುದು.

3. ಪ್ಯಾಚ್ ಅನ್ನು ಮೊದಲು ಪರೀಕ್ಷಾ ಯಂತ್ರದ ಮೇಲೆ ಅಳವಡಿಸಿ ನೋಡುವುದು.

4. ನಿಗದಿತ ವೇಳೆಯಲ್ಲಿ ಸೇವಾ ಯಂತ್ರಗಳ ಮೇಲೆ ಅಳವಡಿಸುವುದು.

5. ಅಳವಡಿಸಿದ ನಂತರ ಆವೃತ್ತಿಯ ಸಂಖ್ಯೆಯನ್ನು ತಾಳೆ ನೋಡುವುದು. ನಿರ್ವಾಹಕ ಅಧಿಕಾರವುಳ್ಳವರ ಪಟ್ಟಿಯಲ್ಲಿ ಅಪರಿಚಿತ ಹೆಸರು ಅಥವಾ ಗುಂಪು ಸೇರಿದೆಯೇ ಎಂದು ಪರಿಶೀಲಿಸುವುದು. ಹಿಂದಿನ ದಿನಗಳ ದಿನಚರಿಯನ್ನು ನೋಡುವುದು.

ಐದನೆಯ ಹಂತವು ಅತಿ ಮುಖ್ಯವಾದುದು. ಪ್ಯಾಚ್ ಬಾಗಿಲನ್ನು ಮುಚ್ಚುತ್ತದೆಯೇ ಹೊರತು, ಅದಕ್ಕೆ ಮೊದಲೇ ಒಳಗೆ ಬಂದವರನ್ನು ಹೊರಗೆ ಕಳುಹಿಸುವುದಿಲ್ಲ.

ಎಲ್ಲ ದುರಸ್ತಿಗೂ ಸೇವೆಯನ್ನು ನಿಲ್ಲಿಸಬೇಕಾಗಿಲ್ಲ ಎಂಬುದನ್ನೂ ಇಲ್ಲಿ ತಿಳಿಸುವುದು ಅವಶ್ಯ. ವಿಸೆಂಟರ್‌ನಂತಹ ನಿರ್ವಹಣಾ ತಂತ್ರಾಂಶಕ್ಕೆ ಪ್ಯಾಚ್ ಅಳವಡಿಸುವಾಗ ಅದರ ಕೆಳಗಿನ ವರ್ಚುವಲ್ ಯಂತ್ರಗಳು ಎಂದಿನಂತೆ ನಡೆಯುತ್ತಿರುತ್ತವೆ. ಹೈಪರ್‌ವೈಸರ್‌ಗೆ ಪ್ಯಾಚ್ ಅಳವಡಿಸುವಾಗ ಸರ್ವರ್ ಅನ್ನು ಮರುಚಾಲನೆಗೊಳಿಸಬೇಕಾಗುವುದರಿಂದ, ಅದರ ಮೇಲಿನ ವರ್ಚುವಲ್ ಯಂತ್ರಗಳನ್ನು ಮೊದಲು ಮತ್ತೊಂದು ಸರ್ವರ್‌ಗೆ ಸ್ಥಳಾಂತರಿಸಲಾಗುತ್ತದೆ. ಸಾಕಷ್ಟು ಹೆಚ್ಚುವರಿ ಸರ್ವರ್‌ಗಳಿದ್ದಲ್ಲಿ ಇದನ್ನು ಸೇವೆ ನಿಲ್ಲದಂತೆ ಮಾಡಬಹುದು. ವರ್ಚುವಲ್ ಯಂತ್ರದೊಳಗಿನ ಭಾಗಕ್ಕೆ ಪ್ಯಾಚ್ ಬಂದಾಗ ಆ ಯಂತ್ರವನ್ನೇ ಮರುಚಾಲನೆಗೊಳಿಸಬೇಕಾಗಬಹುದು. ಕಿಟಕಿಯ ಬಳಿ ನಿಂತ ಅರ್ಜಿದಾರರಿಗೆ ನಿಲುಗಡೆಯ ಅರಿವಾಗುವುದು ಹೆಚ್ಚಾಗಿ ಈ ಕಡೆಯ ಸಂದರ್ಭದಲ್ಲಿ.

7. ದುರಸ್ತಿ ತಡವಾದಲ್ಲಿ ಆಗುವ ಪರಿಣಾಮ

2021ರ ಫೆಬ್ರವರಿಯಲ್ಲಿಯೇ ಪ್ಯಾಚ್ ದೊರೆತಿದ್ದ ಸಿವಿಇ-2021-21974 ಎಂಬ ದೋಷವನ್ನು ಬಳಸಿಕೊಂಡು 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ರಾನ್ಸಮ್‌ವೇರ್ ಹರಡಿತು. ಪ್ರಪಂಚದಾದ್ಯಂತ 3,800ಕ್ಕೂ ಹೆಚ್ಚು ಸರ್ವರ್‌ಗಳು ಬಾಧಿತವಾದವೆಂದು ಅಮೆರಿಕದ ಭದ್ರತಾ ಸಂಸ್ಥೆಗಳು ತಿಳಿಸಿದವು. ಎರಡು ವರ್ಷಗಳ ಕಾಲ ಅಳವಡಿಸದೆ ಉಳಿದ ಪ್ಯಾಚ್‌ಗೆ ತೆತ್ತ ಬೆಲೆ ಅದು. ಈ ದೋಷವು ಅಧಿಕಾರ ಏರಿಕೆಯ ವರ್ಗಕ್ಕೆ ಸೇರಿದುದಲ್ಲವಾದರೂ, ಒಂದು ಹೈಪರ್‌ವೈಸರ್ ಕೈತಪ್ಪಿದರೆ ಅದರ ಮೇಲಿನ ಎಲ್ಲ ಯಂತ್ರಗಳೂ ಒಟ್ಟಿಗೇ ನಿಲ್ಲುತ್ತವೆ ಎಂಬುದನ್ನು ತೋರಿಸಿಕೊಟ್ಟಿತು.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆಯಿತು. ಐದು ಸರ್ವರ್‌ಗಳು ಬಾಧಿತವಾಗಿ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ಗೂಢಲಿಪಿಗೊಳಿಸಲಾಗಿತ್ತೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. ಹಲವು ದಿನಗಳ ಕಾಲ ರೋಗಿಗಳ ನೋಂದಣಿ ಕಾಗದದ ಮೇಲೆ ನಡೆಯಿತು.

ಕರ್ನಾಟಕದಲ್ಲಿಯೂ ಬೇರೆ ಸ್ವರೂಪದ ಘಟನೆಗಳು ವರದಿಯಾಗಿವೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಹಾಕಿ ಸುಮಾರು 11.5 ಕೋಟಿ ರೂಪಾಯಿ ಠೇವಣಿ ಹಣವನ್ನು ಅಕ್ರಮವಾಗಿ ವರ್ಗಾಯಿಸಿದ ಪ್ರಕರಣವನ್ನು ಸಿಐಡಿ ತನಿಖೆಗೆ ಎತ್ತಿಕೊಂಡಿತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ ಕೃತಕ ಕೋರಿಕೆಗಳ ಮಹಾಪೂರ ಹರಿಸಿದ ದಾಳಿಯಿಂದ ನೋಂದಣಿ ಕಾರ್ಯಕ್ಕೆ ಅಡಚಣೆಯಾಯಿತು. ಮುಂಗಾರು ಹಂಗಾಮಿನಲ್ಲಿ ಗೋವಿನಜೋಳ, ಹತ್ತಿ, ಸೋಯಾಬೀನ್ ಬೆಳೆಗಳಿಗೆ ಸಾಲ ಅಥವಾ ವಿಮೆ ಪಡೆಯಲು ಉತಾರ ಕೋರುವ ರೈತರಿಗೆ ಒಂದೆರಡು ಗಂಟೆಗಳ ನಿಲುಗಡೆಯೂ ತೊಂದರೆಯೇ ಸರಿ. ಆದರೆ ದಿನಗಟ್ಟಲೆ ನಿಲುಗಡೆ ಅಥವಾ ತಮಗೆ ತಿಳಿಯದಂತೆ ನಮೂದು ಬದಲಾಗುವುದು ಅದಕ್ಕಿಂತ ಬಹಳ ದೊಡ್ಡ ತೊಂದರೆ.

8. ಕಾನೂನಿನ ರಕ್ಷಣೆ

ಅನುಮತಿಯಿಲ್ಲದೆ ಗಣಕಯಂತ್ರ ವ್ಯವಸ್ಥೆಯನ್ನು ಪ್ರವೇಶಿಸುವುದು, ದತ್ತಾಂಶವನ್ನು ನಕಲು ಮಾಡುವುದು ಅಥವಾ ಬದಲಾಯಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 43ರ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದಲ್ಲಿ ಕಲಂ 66ರಂತೆ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗಾಗಿ ವರದಿ ಮಾಡತಕ್ಕದ್ದು ಹಾಗೂ ವ್ಯವಸ್ಥೆಯ ದಿನಚರಿಯನ್ನು 180 ದಿನಗಳ ಕಾಲ ಕಾಯ್ದಿರಿಸತಕ್ಕದ್ದು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಬೆಳೆ ವಿಮೆ, ಸಾಲ, ಶಾಲಾ ಕಾಲೇಜು ಪ್ರವೇಶ ಮುಂತಾದವುಗಳಿಗೆ ಬೇಕಾದ ದಾಖಲೆಗಳಿಗೆ ಕಡೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

2. ಸಕಾಲ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆದು ಕಾಪಾಡಿಕೊಳ್ಳುವುದು. ಸೇವೆ ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಹಾಗೂ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಸಕಾಲ ಅಧಿನಿಯಮದಲ್ಲಿ ಅವಕಾಶವಿದೆ.

3. ವರ್ಷಕ್ಕೊಮ್ಮೆಯಾದರೂ ಉತಾರದ ಪ್ರತಿಯನ್ನು ಪಡೆದು ಹಳೆಯ ಪ್ರತಿಯೊಂದಿಗೆ ತಾಳೆ ನೋಡುವುದು. 9ನೇ ಕಾಲಂನಲ್ಲಿ ಹೆಸರು ಮತ್ತು ಕ್ಷೇತ್ರ, 10ನೇ ಕಾಲಂನಲ್ಲಿ ಹಕ್ಕು ಬಂದ ಬಗೆ ಮತ್ತು ಎಂ.ಆರ್. ಸಂಖ್ಯೆ, 11ನೇ ಕಾಲಂನಲ್ಲಿ ಸಾಲದ ಬೋಜಾ ಮತ್ತು ಇತರ ಹಕ್ಕು ಋಣಗಳು ಸರಿಯಾಗಿವೆಯೇ ಎಂದು ಪರಿಶೀಲಿಸುವುದು.

4. ತಮಗೆ ನೋಟಿಸ್ ಬಾರದೆ ಹೊಸ ಎಂ.ಆರ್. ಸಂಖ್ಯೆ ಕಂಡುಬಂದಲ್ಲಿ ತಕ್ಷಣವೇ ಹಳೆಯ ಹಾಗೂ ಹೊಸ ಪ್ರತಿಗಳೊಂದಿಗೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ನೀಡಿ ಸ್ವೀಕೃತಿ ಪಡೆಯುವುದು. ಪ್ರಮಾಣೀಕೃತ ನಮೂದಿನ ವಿರುದ್ಧ ಭೂಕಂದಾಯ ಅಧಿನಿಯಮದ ಕಲಂ 136ರಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಹಿಂದೆ ಪಡೆದ ಮುದ್ರಿತ ಪ್ರತಿಗಳು ಇಂತಹ ಸಂದರ್ಭದಲ್ಲಿ ಉಪಯುಕ್ತ ಆಧಾರವಾಗುತ್ತವೆ. ಅವುಗಳನ್ನು ಹಳೆಯದಾಯಿತೆಂದು ಬಿಸಾಡಬಾರದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ಯಾಚ್ ಅಳವಡಿಸುವುದರಿಂದ ನನ್ನ ಉತಾರದ ವಿವರಗಳು ಬದಲಾಗುತ್ತವೆಯೇ?
ಉತ್ತರ: ಇಲ್ಲ. ಪ್ಯಾಚ್ ಬದಲಾಯಿಸುವುದು ತಂತ್ರಾಂಶವನ್ನು, ದಾಖಲೆಯನ್ನಲ್ಲ. ಬದಲಾವಣೆ ಕಂಡುಬಂದಲ್ಲಿ ಮೇಲಿನ 9(4)ರಂತೆ ಕ್ರಮ ಕೈಗೊಳ್ಳಬಹುದು.

ಪ್ರಶ್ನೆ: ಈ ಕೆಲಸವನ್ನು ರಜಾ ದಿನಗಳಲ್ಲಿ ಅಥವಾ ರಾತ್ರಿ ವೇಳೆಯಲ್ಲಿ ಏಕೆ ಮಾಡಬಾರದು?
ಉತ್ತರ: ಪೂರ್ವಯೋಜಿತ ನಿರ್ವಹಣೆಯನ್ನು ಜನಸಂದಣಿ ಇಲ್ಲದ ವೇಳೆಯಲ್ಲಿ ಮಾಡುವುದೇ ಸರಿಯಾದ ಕ್ರಮ. ಆದರೆ ದೋಷವೊಂದು ಈಗಾಗಲೇ ದುರುಪಯೋಗವಾಗುತ್ತಿದೆ ಎಂಬ ಎಚ್ಚರಿಕೆ ಬಂದಾಗ ಭಾನುವಾರದವರೆಗೆ ಕಾಯುವುದು ಸುರಕ್ಷಿತವಲ್ಲ.

ಪ್ರಶ್ನೆ: ಒಂದೇ ಕಾರಣಕ್ಕೆ ಎರಡನೆಯ ಬಾರಿ ಸೇವೆ ನಿಲ್ಲಿಸುವುದೇಕೆ?
ಉತ್ತರ: ಮೊದಲ ಪ್ಯಾಚ್ ಕೆಲವೊಮ್ಮೆ ದೋಷವನ್ನು ಪೂರ್ಣವಾಗಿ ನಿವಾರಿಸುವುದಿಲ್ಲ. ಮೇಲೆ 5(ಇ)ಯಲ್ಲಿ ತಿಳಿಸಿದ 2024ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಪ್ಯಾಚ್‌ಗಳು ಇದಕ್ಕೆ ಉದಾಹರಣೆ.

ಪ್ರಶ್ನೆ: "ಸರ್ವರ್ ದುರಸ್ತಿ ನಡೆದಿದೆ, ನಿಮ್ಮ ಒಟಿಪಿ ತಿಳಿಸಿ" ಎಂದು ದೂರವಾಣಿ ಕರೆ ಬಂದರೆ ಏನು ಮಾಡಬೇಕು?
ಉತ್ತರ: ಒಟಿಪಿ ತಿಳಿಸಬಾರದು. ಈ ದುರಸ್ತಿಗೆ ನಾಗರಿಕರ ಒಟಿಪಿ, ಆಧಾರ್ ಸಂಖ್ಯೆ, ಬೆರಳಚ್ಚು ಅಥವಾ ಶುಲ್ಕ ಯಾವುದೂ ಬೇಕಾಗುವುದಿಲ್ಲ. ಮೊಬೈಲ್‌ನಲ್ಲಿ ಯಾವ ಆ್ಯಪ್ ಅನ್ನೂ ಹಾಕಿಕೊಳ್ಳಬೇಕಾಗಿಲ್ಲ. ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ದೂರು ನೀಡುವುದು.

11. ಸೇವಾ ಕೇಂದ್ರಗಳ ನಿರ್ವಾಹಕರಿಗೆ ಸೂಚನೆ

ಅಧಿಕಾರ ಏರಿಕೆಯ ದೋಷವನ್ನು ಬಳಸಿಕೊಳ್ಳಲು ದುಷ್ಕರ್ಮಿಗೆ ಹಲವು ವೇಳೆ ಮೊದಲು ಕೆಳಗಿನ ಮಟ್ಟದ ಯಾವುದಾದರೊಂದು ಲಾಗಿನ್ ಬೇಕಾಗುತ್ತದೆ. ಆದುದರಿಂದ ಸೇವಾ ಕೇಂದ್ರದ ನಿರ್ವಾಹಕರು ತಮ್ಮ ಲಾಗಿನ್ ಅನ್ನು ಬೇರೆಯವರಿಗೆ ನೀಡುವುದಾಗಲೀ, ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸುವುದಾಗಲೀ ಮಾಡಕೂಡದು. ಕೆಲಸ ಮುಗಿದ ನಂತರ ಲಾಗ್‌ಔಟ್ ಆಗತಕ್ಕದ್ದು. ನಿರ್ವಹಣೆಯ ಮಾಹಿತಿ ಬಂದ ಕೂಡಲೇ ದಿನಾಂಕ ಮತ್ತು ವೇಳೆಯನ್ನು ನಮೂದಿಸಿದ ಸೂಚನೆಯನ್ನು ಜನರಿಗೆ ಕಾಣುವಂತೆ ಪ್ರದರ್ಶಿಸತಕ್ಕದ್ದು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಅರ್ಜಿದಾರರ ಒಂದು ದಿನದ ಕೂಲಿ ಇದರಿಂದ ಉಳಿಯುತ್ತದೆ.

ದಾಖಲೆಯ ಮೇಲೆ ಯಾರಿಗೆ ಎಷ್ಟು ಅಧಿಕಾರವಿದೆ ಎಂಬ ಮಿತಿಯನ್ನು ಕಾಪಾಡುವುದೇ ಈ ದುರಸ್ತಿಯ ಉದ್ದೇಶವಾಗಿದ್ದು, ಸಾರ್ವಜನಿಕರು ನಿರ್ವಹಣೆಯ ವೇಳೆಯಲ್ಲಿ ಸಹಕರಿಸಬೇಕೆಂದು ಹಾಗೂ ತಮ್ಮ ದಾಖಲೆಗಳನ್ನು ಕಾಲಕಾಲಕ್ಕೆ ಸ್ವತಃ ಪರಿಶೀಲಿಸಿಕೊಳ್ಳಬೇಕೆಂದು ಕೋರಲಾಗಿದೆ.